ಮನೆಯ ಭಾವಚಿತ್ರ ಸಂಗ್ರಹಗಳಲ್ಲಿ ಉಳಿದಿರುವ ನಗರ ಜೀವನ: ಕೊಗನೊಳ್ಳಿ ಪರಿಸರದ ಕುಟುಂಬಗಳಿಗೆ ಮಾಹಿತಿ

ಪೀಠಿಕೆ

ಇಪ್ಪತ್ತನೆಯ ಶತಮಾನದ ಮೊದಲ ನಾಲ್ಕು ದಶಕಗಳಲ್ಲಿ ನಮ್ಮ ಭಾಗದ ಪೇಟೆ ಪಟ್ಟಣಗಳು ಹೇಗಿದ್ದವು, ಸಂತೆಗೆ ಬಂದವರು ಏನು ಉಟ್ಟು ತೊಟ್ಟಿದ್ದರು, ಅಂಗಡಿಯ ಫಲಕಗಳು ಯಾವ ಭಾಷೆಯಲ್ಲಿದ್ದವು, ಶಾಲೆಯ ಹುಡುಗರು ಪಾದರಕ್ಷೆ ಧರಿಸುತ್ತಿದ್ದರೇ ಎಂಬ ಪ್ರಶ್ನೆಗಳಿಗೆ ಗೆಜೆಟಿಯರುಗಳಾಗಲಿ ಕಂದಾಯ ದಾಖಲೆಗಳಾಗಲಿ ಪೂರ್ಣ ಉತ್ತರವನ್ನು ನೀಡುವುದಿಲ್ಲ. ಸರ್ಕಾರಿ ದಾಖಲೆಗಳಲ್ಲಿ ಭೂಮಿಯ ವಿಸ್ತೀರ್ಣ, ಆಕಾರ, ಜನಸಂಖ್ಯೆ, ಮಳೆಯ ಪ್ರಮಾಣ ದೊರೆಯುತ್ತವೆ. ಜನರ ಮುಖ ದೊರೆಯುವುದಿಲ್ಲ. ಈ ಕೊರತೆಯನ್ನು ತುಂಬಬಲ್ಲ ಆಧಾರವೆಂದರೆ ಮನೆಗಳ ಪಡಸಾಲೆಯ ಗೋಡೆಗಳ ಮೇಲೆ, ಟ್ರಂಕುಗಳಲ್ಲಿ, ಹಳೆಯ ಬಿಸ್ಕತ್ತು ಡಬ್ಬಿಗಳಲ್ಲಿ ಇರುವ ಖಾಸಗಿ ಭಾವಚಿತ್ರಗಳು.

ಇಂಥ ಚಿತ್ರಗಳನ್ನು ಬಹುತೇಕ ಕುಟುಂಬಗಳು ಹಿರಿಯರ ನೆನಪಿಗೆಂದು ಇಟ್ಟುಕೊಂಡಿವೆಯೇ ಹೊರತು ದಾಖಲೆಗಳೆಂದು ಪರಿಗಣಿಸಿಲ್ಲ. ಮನೆ ಕೆಡವಿ ಹೊಸದು ಕಟ್ಟುವಾಗ, ಅಣ್ಣತಮ್ಮಂದಿರು ವಾಟಣಿ ಮಾಡಿಕೊಳ್ಳುವಾಗ ಪಾತ್ರೆಪರಡಿಗಳ ಯಾದಿ ಆಗುತ್ತದೆ. ಚಿತ್ರಗಳ ಯಾದಿ ಆಗುವುದಿಲ್ಲ. ಆದ್ದರಿಂದ ಈ ಚಿತ್ರಗಳಲ್ಲಿ ಏನಿದೆ, ಅವುಗಳನ್ನು ಓದುವುದು ಹೇಗೆ, ಅವುಗಳೊಂದಿಗೆ ಯಾವ ವಿವರಗಳನ್ನು ಉಳಿಸಬೇಕು ಎಂಬ ಬಗ್ಗೆ ಸಾರ್ವಜನಿಕರ ಅನುಕೂಲಕ್ಕಾಗಿ ಈ ಕೆಳಗೆ ವಿವರಿಸಲಾಗಿದೆ.

ಕೊಗನೊಳ್ಳಿಗೆ ನಗರ ಯಾವುದು?

ಕೊಗನೊಳ್ಳಿಯು ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಕರ್ನಾಟಕದ ಗಡಿಯಂಚಿನಲ್ಲಿರುವ ಗ್ರಾಮ. ಗಡಿ ದಾಟಿದರೆ ಕಾಗಲ, ಅಲ್ಲಿಂದ ಮುಂದೆ ಕೊಲ್ಹಾಪುರ. ಇತ್ತ ದಕ್ಷಿಣಕ್ಕೆ ನಿಪ್ಪಾಣಿ, ಇನ್ನೂ ಮುಂದೆ ಬೆಳಗಾವಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಗ್ರಾಮವು ಮುಂಬೈ ಪ್ರಾಂತದ ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ತಾಲ್ಲೂಕಿಗೆ ಸೇರಿತ್ತು. ಕಾಗಲವು ಕೊಲ್ಹಾಪುರ ಸಂಸ್ಥಾನದ ಅಧೀನದ ಜಹಗೀರಾಗಿತ್ತು. ಅಂದರೆ ಆಗಲೂ ಇಲ್ಲಿ ಒಂದು ಗಡಿ ಇತ್ತು. ಅದು ಬ್ರಿಟಿಷ್ ಆಡಳಿತದ ಪ್ರದೇಶಕ್ಕೂ ಸಂಸ್ಥಾನಕ್ಕೂ ನಡುವಿನ ಗಡಿ. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಅಂದಿನ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಅದು ರಾಜ್ಯಗಳ ನಡುವಿನ ಗಡಿಯಾಯಿತು. ನಿಪ್ಪಾಣಿ ತಾಲ್ಲೂಕು ರಚನೆಯಾದದ್ದು ತೀರ ಇತ್ತೀಚೆಗೆ.

ಜನರ ಓಡಾಟ ಮಾತ್ರ ಗಡಿಯನ್ನು ಅಷ್ಟಾಗಿ ಲೆಕ್ಕಿಸಿದ್ದಿಲ್ಲ. ತಂಬಾಕಿನ ವ್ಯಾಪಾರಕ್ಕೆ ನಿಪ್ಪಾಣಿ. ಬೆಲ್ಲದ ವ್ಯಾಪಾರಕ್ಕೆ, ಕುಸ್ತಿಗೆ, ನಾಟಕಕ್ಕೆ, ಹೆಚ್ಚಿನ ಓದಿಗೆ ಕೊಲ್ಹಾಪುರ. ಜಿಲ್ಲಾ ಕಚೇರಿಯ ಕೆಲಸಕ್ಕೆ ಬೆಳಗಾವಿ. ಮಿರಜದಿಂದ ಕೊಲ್ಹಾಪುರಕ್ಕೆ 1891ರಲ್ಲಿ ರೈಲು ಬಂದಿತು. ನಿಪ್ಪಾಣಿಗೆ ರೈಲು ಅಂದೂ ಬರಲಿಲ್ಲ, ಇಂದೂ ಬಂದಿಲ್ಲ. ಆದ್ದರಿಂದ ಈ ಭಾಗದವರು ಫೋಟೋ ತೆಗೆಸಿಕೊಳ್ಳಬೇಕಾದರೆ ಎತ್ತಿನ ಗಾಡಿಯಲ್ಲಿ, ನಂತರದ ದಿನಗಳಲ್ಲಿ ಮೋಟಾರಿನಲ್ಲಿ, ಇದೇ ರಸ್ತೆಯನ್ನು ಹಿಡಿದು ಉತ್ತರಕ್ಕೋ ದಕ್ಷಿಣಕ್ಕೋ ಹೋಗಬೇಕಾಗಿತ್ತು. ಇದರ ಫಲವಾಗಿ ಒಂದು ಹಳ್ಳಿಯ ಮನೆಯ ಸಂಗ್ರಹದಲ್ಲಿ ಹಳ್ಳಿಯ ಚಿತ್ರಗಳಿಗಿಂತ ನಗರದ ಚಿತ್ರಗಳೇ ಹೆಚ್ಚಾಗಿರುವುದುಂಟು. ಊರಿನ ಗುಡಿಯ ಎದುರು ಯಾರೂ ನಿಂತು ಚಿತ್ರ ತೆಗೆಸಿಕೊಳ್ಳಲಿಲ್ಲ. ಅದು ದಿನವೂ ಕಾಣುವ ಗುಡಿ. ಪೇಟೆಗೆ ಹೋದ ದಿನ ತೆಗೆಸಿಕೊಂಡರು.

ಆ ಕಾಲದ ಕೊಲ್ಹಾಪುರ

ಸದರಿ ಚಿತ್ರಗಳನ್ನು ಅರ್ಥಮಾಡಿಕೊಳ್ಳಲು ಅಂದಿನ ಕೊಲ್ಹಾಪುರದ ಪರಿಚಯ ಅವಶ್ಯವಾಗಿದೆ. ಕಾಗಲದ ಘಾಟಗೆ ಮನೆತನದಲ್ಲಿ 1874ರಲ್ಲಿ ಜನಿಸಿದ ರಾಜರ್ಷಿ ಶಾಹೂ ಛತ್ರಪತಿಯವರು 1894ರಲ್ಲಿ ಸಂಸ್ಥಾನದ ಅಧಿಕಾರವನ್ನು ವಹಿಸಿಕೊಂಡು 1922ರವರೆಗೆ ಆಳ್ವಿಕೆ ನಡೆಸಿದರು. 1895ರಲ್ಲಿ ಶಾಹೂಪುರಿ ಪೇಟೆ, 1906ರಲ್ಲಿ ನೂಲಿನ ಗಿರಣಿ, 1912ರಲ್ಲಿ ಖಾಸಬಾಗ ಕುಸ್ತಿ ಮೈದಾನ, 1915ರಲ್ಲಿ ಪ್ಯಾಲೇಸ್ ಥಿಯೇಟರ್ ಆದವು. ಎಲ್ಲಕ್ಕಿಂತ ಮುಖ್ಯವಾಗಿ, 1901ರಿಂದ ಮೊದಲ್ಗೊಂಡು ಬೇರೆ ಬೇರೆ ಸಮುದಾಯಗಳ ವಿದ್ಯಾರ್ಥಿಗಳಿಗಾಗಿ ವಸತಿಗೃಹಗಳು ಒಂದರ ಹಿಂದೊಂದು ತೆರೆದವು. ಇದರಿಂದಾಗಿ ಸುತ್ತಲಿನ ಹಳ್ಳಿಗಳ ರೈತಾಪಿ ಮನೆಗಳ ಹುಡುಗರಿಗೆ ನಗರದಲ್ಲಿ ಉಳಿದು ಓದುವ ಅವಕಾಶ ಮೊದಲ ಬಾರಿಗೆ ದೊರೆಯಿತು.

ಕೊಲ್ಹಾಪುರವು ಕನ್ನಡಕ್ಕೆ ಪರಕೀಯವಾದ ನಗರವಾಗಿರಲಿಲ್ಲ ಎಂಬುದನ್ನೂ ಇಲ್ಲಿ ಸ್ಮರಿಸಬಹುದು. ಅಲ್ಲಿನ ರಾಜಾರಾಮ ಕಾಲೇಜಿನಲ್ಲಿ ಪ್ರೊ. ಕೆ. ಜಿ. ಕುಂದಣಗಾರರು ಕನ್ನಡವನ್ನು ಬೋಧಿಸಿದರು. ಉತ್ತರ ಕರ್ನಾಟಕ ಹಾಗೂ ಕೊಲ್ಹಾಪುರ ಸಂಸ್ಥಾನದ ಶಾಸನಗಳನ್ನು ಕುರಿತ ಅವರ ಗ್ರಂಥ 1939ರಲ್ಲಿ ಹೊರಬಂದಿತು. ಚಿಕ್ಕೋಡಿ ತಾಲ್ಲೂಕಿನ ಸದಲಗಾದಲ್ಲಿ 1906ರಲ್ಲಿ ಜನಿಸಿದ ಪ್ರಾಕೃತ ವಿದ್ವಾಂಸ ಡಾ. ಆ. ನೇ. ಉಪಾಧ್ಯೆಯವರು ಅದೇ ಕಾಲೇಜಿನಲ್ಲಿ ಮೂರು ದಶಕಗಳ ಕಾಲ ಅಧ್ಯಾಪಕರಾಗಿದ್ದರು. ಹೀಗೆ ಓದಲು ಹೋದ ಹುಡುಗರು ಮನೆಗೆ ತಂದ ವಸ್ತುಗಳಲ್ಲಿ ಒಂದು ತರಗತಿಯ ಅಥವಾ ವಸತಿಗೃಹದ ಗುಂಪು ಚಿತ್ರ. ನಡುವೆ ಕುರ್ಚಿಗಳಲ್ಲಿ ಗುರುಗಳು, ಹಿಂದೆ ಮೂರು ಸಾಲು ಹುಡುಗರು, ಮುಂದೆ ನೆಲದ ಮೇಲೆ ಕಾಲು ಮಡಚಿ ಕುಳಿತ ಕಿರಿಯರು. ಈ ಭಾಗದ ಯಾವ ಹಳೆಯ ಮನೆಗೆ ಹೋದರೂ ಇಂಥದೊಂದು ಚಿತ್ರ ಸಿಕ್ಕುವ ಸಂಭವ ಹೆಚ್ಚು.

ಸ್ಟುಡಿಯೋ ಎಂಬ ಸಣ್ಣ ರಂಗಭೂಮಿ

ಅಂದಿನ ಸ್ಟುಡಿಯೋಗಳು ಹಗಲು ಬೆಳಕನ್ನೇ ಅವಲಂಬಿಸಿದ್ದವು. ಒಂದು ಕಡೆಯ ಗೋಡೆಗೋ ಛಾವಣಿಗೋ ಗಾಜು ಅಥವಾ ಬಿಳಿಯ ಬಟ್ಟೆ ಹಾಕಿ ಬೆಳಕನ್ನು ಹದಗೊಳಿಸುತ್ತಿದ್ದರು. ಚಿತ್ರ ಮೂಡುತ್ತಿದ್ದುದು ಗಾಜಿನ ಫಲಕದ ಮೇಲೆ. ಒಳಾಂಗಣದಲ್ಲಿ ಕೆಲವು ಕ್ಷಣಗಳಾದರೂ ಅಲ್ಲಾಡದೆ ಕುಳಿತುಕೊಳ್ಳಬೇಕಾಗಿತ್ತು. ಹಳೆಯ ಚಿತ್ರಗಳಲ್ಲಿ ಯಾರೂ ನಗುವುದಿಲ್ಲ ಎಂದು ಇಂದಿನ ಮಕ್ಕಳು ಕೇಳುವುದುಂಟು. ಅಷ್ಟು ಹೊತ್ತು ನಗುವನ್ನು ಹಿಡಿದಿಡುವುದು ಕಷ್ಟ ಎಂಬುದು ಒಂದು ಕಾರಣ. ಹಣ ಕೊಟ್ಟು ಮಾಡಿಸುವ ಗಂಭೀರ ಕಾರ್ಯ ಎಂಬ ಭಾವನೆ ಇನ್ನೊಂದು. ಎರಡನೆಯದೇ ಹೆಚ್ಚು ಬಲವಾದುದೆಂದು ತೋರುತ್ತದೆ.

ಹಿಂದೆ ಬಣ್ಣದ ಪರದೆ ಇರುತ್ತಿತ್ತು. ಅದರ ಮೇಲೆ ಕಮಾನು, ಕಂಬ, ಮೆಟ್ಟಿಲು, ಉದ್ಯಾನ, ಕೆಲವೊಮ್ಮೆ ಸರೋವರ. ನಾಟಕ ಕಂಪನಿಗಳ ಪರದೆಗಳಿಗೂ ಇವುಗಳಿಗೂ ನಿಕಟ ಹೋಲಿಕೆ ಇದೆ. ಕೊಲ್ಹಾಪುರದಲ್ಲಿ ಈ ಕಲೆಗಳು ಒಂದಕ್ಕೊಂದು ಹೊಂದಿಕೊಂಡೇ ಬೆಳೆದವು. ನಾಟಕದ ಪರದೆಗಳನ್ನು ಬರೆದು ಹೆಸರಾದ ಬಾಬುರಾವ್ ಪೇಂಟರ್ ಅವರು ತಮ್ಮ ಕ್ಯಾಮೆರಾವನ್ನು ತಾವೇ ಸಿದ್ಧಪಡಿಸಿಕೊಂಡು, ಮಹಾರಾಷ್ಟ್ರ ಫಿಲ್ಮ್ ಕಂಪನಿಯ ಮೂಲಕ ತಯಾರಿಸಿದ ‘ಸೈರಂಧ್ರಿ’ ಚಿತ್ರ 1920ರಲ್ಲಿ ತೆರೆಕಂಡಿತು. ಪರದೆಯ ಮುಂದೆ ನಿಂತ ರೈತನೂ ಆ ಹೊತ್ತಿಗೆ ಒಂದು ಪಾತ್ರವನ್ನೇ ಧರಿಸುತ್ತಿದ್ದ. ಮೈಮೇಲಿನ ಕೋಟು, ಕೈಯಲ್ಲಿನ ಪುಸ್ತಕ, ಮೇಜಿನ ಮೇಲಿನ ಗಡಿಯಾರ ಅವನವೇ ಆಗಿರಬೇಕೆಂದಿಲ್ಲ. ಸ್ಟುಡಿಯೋದವರು ಬಂದವರಿಗೆಲ್ಲ ಕೊಡುತ್ತಿದ್ದ ಸಾಮಾನು ಅದು. ಆದ್ದರಿಂದ ಅಜ್ಜನ ಕೈಯಲ್ಲಿ ದಪ್ಪ ಪುಸ್ತಕ ಕಂಡ ಮಾತ್ರಕ್ಕೆ ಅವರು ಅಕ್ಷರಸ್ಥರಾಗಿದ್ದರೆಂದು ತೀರ್ಮಾನಿಸಲಾಗದು. ಆದರೆ ಅಂಥ ಪುಸ್ತಕವನ್ನು ಹಿಡಿದು ಕಾಣಿಸಿಕೊಳ್ಳಲು ಅವರು ಒಪ್ಪಿದರು ಎಂಬುದಂತೂ ಸತ್ಯ. ಓದಿನ ಬಗ್ಗೆ ಆ ಕಾಲದ ಹಳ್ಳಿಯವರ ಆಸೆಗೆ ಅದೂ ಒಂದು ಸಾಕ್ಷಿಯೇ.

ಮುಖದ ಆಚೆಗೆ ನೋಡಬೇಕಾದುದು

ಕುಟುಂಬದವರು ಚಿತ್ರವನ್ನು ನೋಡುವಾಗ ಮುಖವನ್ನು ನೋಡುತ್ತಾರೆ, ಅದು ಸಹಜ. ನಗರ ಜೀವನದ ದಾಖಲೆ ಇರುವುದು ಮುಖದ ಸುತ್ತಲೂ. ತಲೆಗೆ ಪಟಕವೋ, ಕರಿಯ ಟೋಪಿಯೋ, ಗಾಂಧಿ ಟೋಪಿಯೋ? ಗಾಂಧಿ ಟೋಪಿ ಇದ್ದಲ್ಲಿ ಚಿತ್ರ ಬಹುತೇಕ 1920ರ ಅಸಹಕಾರ ಚಳವಳಿಯ ನಂತರದ್ದೆಂದು ಹೇಳಬಹುದು. ಹೆಂಗಸರ ಸೀರೆ ಕಚ್ಚೆಯದೋ, ಅಲ್ಲವೋ, ಕುಪ್ಪಸದ ತೋಳು ಎಲ್ಲಿಯವರೆಗೆ ಇದೆ, ಕೊರಳಿನ ಸರಗಳೆಷ್ಟು. ಕಾಲಿನಲ್ಲಿ ಕೊಲ್ಹಾಪುರಿ ಚಪ್ಪಲಿಯೋ, ಬೂಟೋ, ಬರಿಗಾಲೋ. ಕೋಟು ಟೋಪಿ ಧರಿಸಿದ ಹುಡುಗನ ಬರಿಗಾಲು ಅನೇಕ ಗುಂಪು ಚಿತ್ರಗಳಲ್ಲಿ ಕಾಣುತ್ತದೆ. ಕೋಟು ಅಣ್ಣನದ್ದಾಗಿರಬಹುದು, ಕಾಲು ಮಾತ್ರ ಅವನದೇ.

ಬಯಲಿನಲ್ಲಿ ತೆಗೆದ ಚಿತ್ರಗಳು ಇನ್ನೂ ಹೆಚ್ಚು ಬೆಲೆಯುಳ್ಳವು. ಅಂಗಡಿಯ ಫಲಕ, ಜಟಕಾ, ಮೋಟಾರು, ಬೀದಿಯ ಕಂದೀಲ ಕಂಬ, ಗೋಡೆಯ ಮೇಲಿನ ಜಾಹೀರಾತು ಇವೆಲ್ಲ ಕಾಲವನ್ನು ಹೇಳುತ್ತವೆ. ಸೈಕಲ್ ಹಿಡಿದು ನಿಂತ ಚಿತ್ರಗಳು ಈ ಭಾಗದಲ್ಲಿ ಅಪರೂಪವಲ್ಲ. ಬೆಳಗಾವಿಯಲ್ಲಿ 1888ರಲ್ಲಿಯೇ ಸೈಕಲ್ ಅಂಗಡಿ ತೆರೆದವರು ಗುರ್ಲಹೊಸೂರಿನಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು. ಮುಂದೆ 1910ರಲ್ಲಿ ಕಿರ್ಲೋಸ್ಕರವಾಡಿಯನ್ನು ಸ್ಥಾಪಿಸಿದವರೂ ಅವರೇ. ಅಂದು ಸೈಕಲ್ ಇಂದಿನ ಕಾರಿಗೆ ಸಮನಾದ ವಸ್ತುವಾಗಿತ್ತು, ಆದ್ದರಿಂದ ಚಿತ್ರದಲ್ಲಿ ಅದಕ್ಕೂ ಸ್ಥಾನ ದೊರೆಯುತ್ತಿತ್ತು. ಇದೇ ರೀತಿ ಪೈಲವಾನರ ಚಿತ್ರಗಳನ್ನೂ ನೋಡಬಹುದು. ಗದೆಯನ್ನು ಹೆಗಲ ಮೇಲಿಟ್ಟು, ಎದೆ ಮುಂದೆ ಮಾಡಿ ನಿಂತ ಆ ಚಿತ್ರಗಳು ಖಾಸಬಾಗದ ಕುಸ್ತಿಗಳು ಸುತ್ತಲಿನ ಹಳ್ಳಿಗಳ ತಾಲೀಮುಗಳಿಗೆ ಎಷ್ಟು ಹತ್ತಿರವಾಗಿದ್ದವೆಂಬುದನ್ನು ತೋರಿಸುತ್ತವೆ.

ಅಮೆರಿಕದ ಕೊಡ್ಯಾಕ್ ಕಂಪನಿಯು 1900ರಲ್ಲಿ ಒಂದು ಡಾಲರಿನ ‘ಬ್ರೌನಿ’ ಕ್ಯಾಮೆರಾವನ್ನು ಮಾರುಕಟ್ಟೆಗೆ ತಂದ ಮೇಲೆ ಪಶ್ಚಿಮ ದೇಶಗಳಲ್ಲಿ ಸಾಮಾನ್ಯರೂ ತಮ್ಮ ಚಿತ್ರಗಳನ್ನು ತಾವೇ ತೆಗೆಯತೊಡಗಿದರು. ನಮ್ಮಲ್ಲಿ ಅದು ವಕೀಲರು, ವೈದ್ಯರು, ಅಧಿಕಾರಿಗಳು, ಜಹಗೀರದಾರರ ಮನೆಗಳಿಗೆ ಸೀಮಿತವಾಗಿತ್ತು. ಆದ್ದರಿಂದ ಪೆಟ್ಟಿಗೆ ಕ್ಯಾಮೆರಾದ ಸಣ್ಣ ಚಿತ್ರಗಳು, ಅವು ಎಷ್ಟೇ ಮಸುಕಾಗಿರಲಿ, ಯಾರದಾದರೂ ಮನೆಯಲ್ಲಿದ್ದರೆ ಅವುಗಳನ್ನು ಸ್ಟುಡಿಯೋ ಚಿತ್ರಗಳಿಗಿಂತಲೂ ಜೋಪಾನವಾಗಿ ಇಡಬೇಕು. ಸಿದ್ಧತೆಯಿಲ್ಲದ ಜೀವನ ಇರುವುದು ಅವುಗಳಲ್ಲಿಯೇ.

ಬಾಸೆಲ್ ಮಿಷನ್ ಸಂಗ್ರಹ ಕಲಿಸುವುದು

ಖಾಸಗಿ ಚಿತ್ರಗಳು ಒಂದು ನಾಡಿನ ದಾಖಲೆಯಾಗಿ ಮಾರ್ಪಟ್ಟ ಉದಾಹರಣೆ ಕನ್ನಡ ನಾಡಿನ ಮಟ್ಟಿಗೆ ಬೇರೆಲ್ಲಿಗಿಂತ ಸ್ಪಷ್ಟವಾಗಿ ದೊರೆಯುವುದು ಬಾಸೆಲ್ ಮಿಷನ್ನಿನ ಸಂಗ್ರಹದಲ್ಲಿ. ಕೊಗನೊಳ್ಳಿಯಿಂದ ಅದು ದೂರದ ವಿಷಯವೆಂದು ಕಂಡರೂ, ನಮ್ಮ ಮನೆಗಳ ಚಿತ್ರಗಳಿಗೆ ಏನು ಕೊರತೆ ಇದೆ ಎಂಬುದು ಅದರೊಂದಿಗೆ ಹೋಲಿಸಿದಾಗಲೇ ತಿಳಿಯುತ್ತದೆ.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯ ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ ನೆಲೆಗಳನ್ನು ತೆರೆದರು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಟದ್ದು, ಮಂಗಳೂರಿನ ಹಂಚಿನ ಕಾರ್ಖಾನೆ 1865ರಲ್ಲಿ ಆರಂಭವಾದದ್ದು, ಕಿಟ್ಟೆಲ್ ಅವರ ನಿಘಂಟು 1894ರಲ್ಲಿ ಪ್ರಕಟವಾದದ್ದು ಎಲ್ಲರಿಗೂ ತಿಳಿದ ವಿಷಯ. ಅಷ್ಟಾಗಿ ತಿಳಿಯದಿರುವುದು ಅವರ ಛಾಯಾಚಿತ್ರಗಳ ವಿಷಯ. ಪಾದ್ರಿಗಳೂ ಕಾರ್ಖಾನೆಯ ವ್ಯವಸ್ಥಾಪಕರೂ ಅವರ ಮನೆಯವರೂ ಚಿತ್ರಗಳನ್ನು ತೆಗೆದು, ತೆಗೆಸಿ, ಊರಿಗೆ ಕಳುಹಿಸಿದರು, ಆಲ್ಬಮ್ಮುಗಳಲ್ಲಿ ಅಂಟಿಸಿಕೊಂಡರು. ಮೊದಲ ಮಹಾಯುದ್ಧ ಬಂದಾಗ ಜರ್ಮನ್ ಪ್ರಜೆಗಳಾಗಿದ್ದವರು ಬಂಧನಕ್ಕೊಳಗಾಗಿ ಈ ದೇಶವನ್ನು ಬಿಡಬೇಕಾಯಿತು. ಅವರ ಕುಟುಂಬಗಳಲ್ಲಿ ಉಳಿದ ಆಲ್ಬಮ್ಮುಗಳಲ್ಲಿ ಹಲವು ಕಾಲಕ್ರಮದಲ್ಲಿ ಬಾಸೆಲ್ಲಿನ ಪತ್ರಾಗಾರವನ್ನು ಸೇರಿದವು.

ಆಫ್ರಿಕಾ, ಚೀನಾ ಮುಂತಾದ ದೇಶಗಳ ಚಿತ್ರಗಳೂ ಸೇರಿ ಹತ್ತಾರು ಸಾವಿರ ಚಿತ್ರಗಳಿರುವ ಈ ಸಂಗ್ರಹವನ್ನು, ಪಾಲ್ ಜೆಂಕಿನ್ಸ್ ಅವರು ಪತ್ರಾಗಾರದ ಹೊಣೆ ಹೊತ್ತಿದ್ದ ಕಾಲದಲ್ಲಿ ಕ್ರಮಬದ್ಧವಾಗಿ ಪಟ್ಟಿ ಮಾಡುವ ಕಾರ್ಯ ನಡೆದು, ಈ ಶತಮಾನದ ಆರಂಭದ ವರ್ಷಗಳಿಂದ ಅಂತರಜಾಲದಲ್ಲಿ ಎಲ್ಲರೂ ನೋಡುವಂತೆ ಮಾಡಲಾಗಿದೆ. ಮಂಗಳೂರಿನ ಹಂಚಿನ ಕಾರ್ಖಾನೆ, ನೇಯ್ಗೆಯ ಕೆಲಸ, ಶಾಲೆಯ ಮಕ್ಕಳು, ಮದುವೆಯ ಗುಂಪು ಹೀಗೆ ಯಾವ ಸರ್ಕಾರಿ ವರದಿಯಲ್ಲಿಯೂ ಕಾಣದ ದಿನನಿತ್ಯದ ಜೀವನ ಅಲ್ಲಿದೆ.

ಆ ಪಟ್ಟಿಯ ಕ್ರಮವನ್ನು ಗಮನಿಸಬೇಕು. ಚಿತ್ರದ ಮೇಲೆ ಅಥವಾ ಹಿಂದೆ ಮೂಲದಲ್ಲಿ ಏನು ಬರೆದಿತ್ತೋ ಅದನ್ನು ಇದ್ದಂತೆಯೇ ದಾಖಲಿಸಲಾಗಿದೆ. ತೆಗೆದವರು ಯಾರೆಂದು ತಿಳಿಯದಿದ್ದಲ್ಲಿ ತಿಳಿಯದು ಎಂದೇ ನಮೂದಿಸಲಾಗಿದೆ. ನಿಖರ ದಿನಾಂಕ ಇಲ್ಲದಿದ್ದಲ್ಲಿ ಇಂಥ ವರ್ಷದಿಂದ ಇಂಥ ವರ್ಷದೊಳಗೆ ಎಂದು ಎರಡು ತುದಿಗಳನ್ನು ಕೊಡಲಾಗಿದೆ. ಊಹೆಯನ್ನು ಸತ್ಯವೆಂದು ಬರೆದಿಲ್ಲ. ವಾಣಿಜ್ಯಶಾಸ್ತ್ರ ಓದಿದವರಿಗೆ ಇದು ಪರಿಚಿತ ನಿಯಮ: ವೋಚರ್ ಇಲ್ಲದ ಖರ್ಚನ್ನು ವಹಿಯಲ್ಲಿ ಬರೆಯಬಹುದು, ಆದರೆ ವೋಚರ್ ಇಲ್ಲವೆಂದು ಷರಾ ಹಾಕಿಯೇ ಬರೆಯಬೇಕು.

ಈ ಸಂಗ್ರಹದಲ್ಲಿ ನ್ಯೂನತೆಯೂ ಇದೆ. ಚಿತ್ರಗಳನ್ನು ಬಹುಮಟ್ಟಿಗೆ ಯುರೋಪಿನ ದಾನಿಗಳಿಗೆ ತೋರಿಸಲೆಂದು ತೆಗೆದದ್ದರಿಂದ, ತಮ್ಮ ಕಾರ್ಯ ಎದ್ದು ಕಾಣುವಂತೆ ಆಯ್ಕೆ ಮಾಡಲಾಗಿದೆ. ಪಾದ್ರಿಗಳ ಹೆಸರುಗಳು ಇರುವ ಕಡೆ ಎಷ್ಟೋ ಬಾರಿ ಇಲ್ಲಿನ ಜನರ ಹೆಸರುಗಳಿಲ್ಲ. ನೇಕಾರ, ಬ್ರಾಹ್ಮಣ, ಕೂಲಿ ಹೆಂಗಸು ಎಂದಷ್ಟೇ ಇದೆ. ಊರು ತಿಳಿಯುತ್ತದೆ, ಕಾಲ ತಿಳಿಯುತ್ತದೆ, ಕಸುಬು ತಿಳಿಯುತ್ತದೆ. ಮನುಷ್ಯ ಯಾರೆಂದು ತಿಳಿಯುವುದಿಲ್ಲ.

ನಮ್ಮ ಮನೆಗಳ ಸಂಗ್ರಹಗಳು ಇದಕ್ಕೆ ತದ್ವಿರುದ್ಧ. ಇಲ್ಲಿ ಮನುಷ್ಯ ಯಾರೆಂದು ಗೊತ್ತು: ಅಜ್ಜನ ಅಣ್ಣ, ಮುತ್ತಜ್ಜಿಯ ತವರಿನವರು, ತಂಬಾಕಿನ ವ್ಯಾಪಾರದ ಪಾಲುದಾರರು. ಊರು, ವರ್ಷ, ಸಂದರ್ಭ ಗೊತ್ತಿಲ್ಲ. ಹೆಸರೂ ಕಾಗದದ ಮೇಲಿಲ್ಲ, ಒಬ್ಬಿಬ್ಬರು ಹಿರಿಯರ ನೆನಪಿನಲ್ಲಿದೆ. ಮೇಲ್ಕಂಡ ಸಂಗ್ರಹಕ್ಕೆ ದೊರೆಯದ ಮುಖ್ಯ ವಿವರವೊಂದು ನಮ್ಮ ಬಳಿ ಇನ್ನೂ ಇದೆ, ಆದರೆ ಅದು ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದೆ.

ಈ ಲೇಖಕನ ಮನೆಯದೇ ಒಂದು ನಿದರ್ಶನವನ್ನು ಹೇಳಬಹುದು. ಪಡಸಾಲೆಯಲ್ಲಿ ಹನ್ನೊಂದು ಜನರ ಗುಂಪು ಚಿತ್ರವೊಂದಿದೆ. ಎಲ್ಲರೂ ಪಟಕ ಸುತ್ತಿದವರು, ಎಡದಿಂದ ಮೂರನೆಯವರು ನಮ್ಮ ಅಜ್ಜ. ಸೋದರತ್ತೆಯವರು ಬದುಕಿದ್ದಾಗ ಆರು ಜನರ ಹೆಸರನ್ನು ಬೆರಳಿಟ್ಟು ಹೇಳುತ್ತಿದ್ದರು; ಯಾರೂ ಬರೆದುಕೊಳ್ಳಲಿಲ್ಲ. ಇಂದು ಮನೆಯಲ್ಲಿ ಇಬ್ಬರನ್ನು ಮಾತ್ರ ಗುರುತಿಸಲು ಸಾಧ್ಯ. ಸ್ಟುಡಿಯೋದ ಹೆಸರಾದರೂ ಇರಬಹುದೆಂದು ಚೌಕಟ್ಟು ಬಿಚ್ಚಿಸಿ ನೋಡಲಾಗಿ, ಹಿಂದೊಮ್ಮೆ ಹೊಸ ಚೌಕಟ್ಟು ಹಾಕಿಸುವಾಗ ಅಳತೆಗೆ ಸರಿಯಾಗಲೆಂದು ಕೆಳಗಿನ ರಟ್ಟನ್ನು ಎರಡು ಬೆರಳಿನಷ್ಟು ಕತ್ತರಿಸಿರುವುದು ಕಂಡುಬಂದಿತು. ಸ್ಟುಡಿಯೋದವರು ಹೆಸರು ಮತ್ತು ಊರನ್ನು ಅಚ್ಚು ಹಾಕಿಸುತ್ತಿದ್ದುದು ಸಾಮಾನ್ಯವಾಗಿ ಅದೇ ಜಾಗದಲ್ಲಿ. ಚಿತ್ರ ಕೊಲ್ಹಾಪುರದ್ದೋ ಬೆಳಗಾವಿಯದ್ದೋ ಎಂಬುದೂ ಈಗ ತಿಳಿಯುವಂತಿಲ್ಲ.

ಎರಡು ಸಂದರ್ಭಗಳು

ಇಂಥ ವಿವರಗಳು ಯಾವ ಉಪಯೋಗಕ್ಕೆ ಬರುತ್ತವೆ ಎಂಬ ಪ್ರಶ್ನೆ ಸಹಜವಾಗಿದೆ. ಶಾಹೂ ಮಹಾರಾಜರ ಕಾಲದ ಪ್ಯಾಲೇಸ್ ಥಿಯೇಟರ್, ಅಂದರೆ ಮುಂದೆ ಗಾಯಕನಟ ಕೇಶವರಾವ್ ಭೋಸಲೆಯವರ ಹೆಸರನ್ನು ಪಡೆದ ನಾಟ್ಯಗೃಹವು, 2024ರ ಆಗಸ್ಟ್ 8ರ ರಾತ್ರಿ ಬೆಂಕಿಗೆ ಆಹುತಿಯಾಯಿತು. ಮರುದಿನವೇ ಆ ನಟರ ಜಯಂತಿ. ನೂರು ವರ್ಷ ಮೀರಿದ ಕಟ್ಟಡ ಹೀಗೆ ನಾಶವಾದಾಗ, ಅದನ್ನು ಮೊದಲಿನ ರೂಪದಲ್ಲಿ ಮತ್ತೆ ಕಟ್ಟಲು ನಕ್ಷೆಗಳಷ್ಟೇ ಸಾಲುವುದಿಲ್ಲ. ಬಾಗಿಲಿನ ಮೇಲಿನ ಕೆತ್ತನೆ, ಆಸನಗಳ ಸಾಲು, ಮುಂಭಾಗದ ಮೆಟ್ಟಿಲುಗಳು ಮೊದಲು ಹೇಗಿದ್ದವು, ಯಾವಾಗ ಬದಲಾದವು ಎಂಬುದಕ್ಕೆ ಹಳೆಯ ಚಿತ್ರಗಳೇ ಆಧಾರ. ನಾಟಕ ನೋಡಲು ಹೋದ ನಾಲ್ವರು ಗೆಳೆಯರು ಕಟ್ಟಡದ ಎದುರು ನಿಂತು ತೆಗೆಸಿಕೊಂಡ ಒಂದು ಚಿತ್ರ ಗಡಿಯ ಈಚೆಗಿನ ಯಾವುದೋ ಮನೆಯಲ್ಲಿದ್ದರೆ, ಅದರ ಮಹತ್ವ ಆ ಮನೆಯವರಿಗೆ ತಿಳಿದಿರುವ ಸಂಭವ ಕಡಿಮೆ.

ಎರಡನೆಯದು ಬೆಳಗಾವಿ ಅಧಿವೇಶನ. 1924ರ ಡಿಸೆಂಬರ್ 26 ಮತ್ತು 27ರಂದು ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನ ಇದು; ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನವೂ ಹೌದು. ಗಂಗಾಧರರಾವ್ ದೇಶಪಾಂಡೆಯವರ ಮುಂದಾಳ್ತನದಲ್ಲಿ ‘ವಿಜಯನಗರ’ವೆಂಬ ತಾತ್ಕಾಲಿಕ ನಗರವೇ ನಿರ್ಮಾಣವಾಯಿತು, ನೀರಿಗಾಗಿ ಬಾವಿ ತೋಡಲಾಯಿತು, ಡಾ. ನಾ. ಸು. ಹರ್ಡೀಕರರ ಸೇವಾದಳದವರು ವ್ಯವಸ್ಥೆ ನೋಡಿಕೊಂಡರು. ನಾಯಕರ ಚಿತ್ರಗಳು ಪುಸ್ತಕಗಳಲ್ಲಿ ಬಂದಿವೆ. ಅಡುಗೆಯ ಚಪ್ಪರದಲ್ಲಿ ದುಡಿದವರು, ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಹೋದವರು, ಸ್ವಯಂಸೇವಕರ ಸಾಲಿನ ಕೊನೆಯಲ್ಲಿ ನಿಂತವರು ಇರುವುದು ಅವರವರ ಮನೆಯ ಚಿತ್ರಗಳಲ್ಲಿ. 1925ರಲ್ಲಿ ಡಾ. ಬಿ. ಆರ್. ಅಂಬೇಡ್ಕರರು ನಿಪ್ಪಾಣಿಯ ಬಹಿಷ್ಕೃತ ಪರಿಷತ್ತಿಗೆ ಬಂದ ಸಂದರ್ಭಕ್ಕೂ ಇದೇ ಮಾತು ಅನ್ವಯಿಸುತ್ತದೆ. ಕ್ಯಾಮೆರಾ ಇದ್ದ ಮನೆಗಳಿಗೂ ಆ ಪರಿಷತ್ತಿಗೆ ಬಂದ ಜನರಿಗೂ ನಡುವೆ ಇದ್ದ ದೂರವನ್ನು ನೆನೆದರೆ, ಆ ಸಮುದಾಯಗಳ ಮನೆಗಳಲ್ಲಿ ಅಂದಿನ ಒಂದೇ ಒಂದು ಚಿತ್ರ ಉಳಿದಿದ್ದರೂ ಅದನ್ನು ವಿಶೇಷ ಕಾಳಜಿಯಿಂದ ಕಾಣಬೇಕಾಗಿದೆ.

ಅನ್ಯತ್ರ ನಡೆದಿರುವ ಕಾರ್ಯವನ್ನೂ ಸಂಕ್ಷೇಪವಾಗಿ ಹೇಳಬಹುದು. ಫ್ರಾನ್ಸಿನ ಬ್ಯಾಂಕರ್ ಆಲ್ಬರ್ಟ್ ಕಾನ್ ಅವರು 1909ರಿಂದ 1931ರವರೆಗೆ ಭಾರತವೂ ಸೇರಿದಂತೆ ಹಲವು ದೇಶಗಳಿಗೆ ಛಾಯಾಗ್ರಾಹಕರನ್ನು ಸ್ವಂತ ಖರ್ಚಿನಲ್ಲಿ ಕಳುಹಿಸಿ 72,000 ಬಣ್ಣದ ಚಿತ್ರಗಳನ್ನು ಸಂಗ್ರಹಿಸಿದರು. ಅಷ್ಟು ಹಣವಿಲ್ಲದೆಯೂ ಕಾರ್ಯ ಸಾಧ್ಯ. ತಮಿಳುನಾಡಿನ ಹಳೆಯ ಸ್ಟುಡಿಯೋಗಳ ಚಿತ್ರಗಳನ್ನು ಬ್ರಿಟಿಷ್ ಲೈಬ್ರರಿಯ ನೆರವಿನಿಂದ ಗಣಕೀಕರಿಸಲಾಗಿದೆ. 2010ರಲ್ಲಿ ಅನುಷಾ ಯಾದವ್ ಅವರು ಆರಂಭಿಸಿದ ‘ಇಂಡಿಯನ್ ಮೆಮೊರಿ ಪ್ರಾಜೆಕ್ಟ್’ ಎಂಬ ಅಂತರಜಾಲ ಸಂಗ್ರಹದಲ್ಲಿ ಮನೆಯ ಚಿತ್ರ ಮತ್ತು ಅದರ ಹಿಂದಿನ ಸಂಗತಿ ಎರಡನ್ನೂ ಒಟ್ಟಿಗೆ ಪ್ರಕಟಿಸಲಾಗುತ್ತಿದೆ.

ಚಿತ್ರದ ಹಿಂಬದಿ

ಚಿತ್ರವನ್ನು ತಿರುಗಿಸಿ ನೋಡುವುದು ಮೊದಲ ಕೆಲಸ. ಈ ಭಾಗದ ಚಿತ್ರಗಳ ಹಿಂದೆ ಕನ್ನಡ, ದೇವನಾಗರಿ, ಇಂಗ್ಲಿಷ್ ಅಲ್ಲದೆ ಮೋಡಿ ಲಿಪಿಯ ಬರಹವೂ ಇರಬಹುದು. ಮುಂಬೈ ಪ್ರಾಂತದಲ್ಲಿ ಲೆಕ್ಕಪತ್ರಗಳನ್ನೂ ಪತ್ರಗಳನ್ನೂ ವೇಗವಾಗಿ ಬರೆಯಲು ಬಳಸುತ್ತಿದ್ದ ಈ ಲಿಪಿಯನ್ನು ಇಂದಿನ ತಲೆಮಾರಿನವರು ಓದಲಾರರು. ಎಳೆದ ಗೆರೆಗಳಂತೆ ಕಾಣುವುದರಿಂದ ಅದನ್ನು ಬರಿಯ ಗೀಚು ಎಂದು ತಿಳಿದು ಅದರ ಮೇಲೆ ಕಾಗದ ಅಂಟಿಸಿದ್ದೂ ಉಂಟು. ಓದಲು ಬಾರದ ಬರಹವನ್ನು ಅಳಿಸಬಾರದು, ಮುಚ್ಚಬಾರದು. ಮೋಡಿ ಬಲ್ಲವರು ವಿರಳವಾದರೂ ಇದ್ದಾರೆ. ಬರಹದ ಸ್ಪಷ್ಟ ಪ್ರತಿಯನ್ನು ಅವರಿಗೆ ತೋರಿಸಬಹುದು.

ವರ್ಷವನ್ನು ಇಸವಿಯಲ್ಲಿಯೇ ಬರೆದಿರಬೇಕೆಂದಿಲ್ಲ. ಶಕವರ್ಷ ಇದ್ದಲ್ಲಿ 78 ಕೂಡಿಸಬೇಕು. ಜನವರಿಯಿಂದ ಯುಗಾದಿಯವರೆಗಿನ ಅವಧಿಗೆ 79. ಫಸಲಿ ವರ್ಷವಿದ್ದಲ್ಲಿ 590 ಕೂಡಿಸಬೇಕು. ಜನವರಿಯಿಂದ ಆ ಫಸಲಿ ವರ್ಷ ಮುಗಿಯುವವರೆಗಿನ ತಿಂಗಳುಗಳಿಗೆ 591. ಸಂವತ್ಸರದ ಹೆಸರು ಮಾತ್ರ ಇದ್ದರೆ ಅದು 60 ವರ್ಷಕ್ಕೊಮ್ಮೆ ಬರುವುದರಿಂದ ಉಡುಪು ಮುಂತಾದವುಗಳ ನೆರವಿನಿಂದ ನಿರ್ಧರಿಸಬೇಕಾಗುತ್ತದೆ. ಉದಾಹರಣೆಗೆ ಬೆಳಗಾವಿ ಅಧಿವೇಶನದ ವರ್ಷ ಶಕ 1846, ಫಸಲಿ 1334, ರಕ್ತಾಕ್ಷಿ ಸಂವತ್ಸರ. ಚಿತ್ರವನ್ನೇ ಅಂಚೆಕಾರ್ಡಿನಂತೆ ಕಳುಹಿಸಿದ್ದಲ್ಲಿ ಅಂಚೆಯ ಮುದ್ರೆಯಲ್ಲಿ ದಿನಾಂಕ ಸಿಗುತ್ತದೆ. ಅದು ಮಸುಕಾಗಿದ್ದರೆ ಚೀಟಿಯ ಮೇಲಿನ ದೊರೆಯನ್ನು ನೋಡಬಹುದು: ಏಳನೆಯ ಎಡ್ವರ್ಡ್ 1901ರಿಂದ 1910ರವರೆಗೆ, ಐದನೆಯ ಜಾರ್ಜ್ 1910ರಿಂದ 1936ರವರೆಗೆ ಆಳಿದರು.

ವಿವರ ಬರೆದಿಡುವ ಹಾಗೂ ಕಾಪಾಡುವ ಕ್ರಮ

ಮನೆಯ ಹಿರಿಯರ ಮುಂದೆ ಚಿತ್ರಗಳನ್ನಿಟ್ಟು ಒಂದೊಂದರ ಬಗ್ಗೆ ಕೇಳಬೇಕು. ಇವರು ಯಾರು ಎಂದಷ್ಟೇ ಕೇಳದೆ, ಎಲ್ಲಿ, ಏನು ನಿಮಿತ್ತ ತೆಗೆಸಿದ್ದು, ಜೊತೆಗೆ ಯಾರು ಹೋಗಿದ್ದರು, ಮೈಮೇಲಿನ ಬಟ್ಟೆ ಯಾರದು ಎಂದೂ ಕೇಳುವುದು ಸೂಕ್ತ. ಅಜ್ಜಿಯರನ್ನು ತಪ್ಪದೆ ಕೇಳಬೇಕು. ಗಂಡಸರಿಗೆ ಹೆಸರು ನೆನಪಿರುತ್ತದೆ, ಹೆಂಗಸರಿಗೆ ಸಂಬಂಧ ನೆನಪಿರುತ್ತದೆ ಎಂಬುದು ಅನುಭವದ ಮಾತು. ಅವರು ಹೇಳುವಾಗ ಮೊಬೈಲಿನಲ್ಲಿ ಧ್ವನಿಮುದ್ರಣ ಮಾಡಿಕೊಂಡರೆ ಇನ್ನೂ ಒಳ್ಳೆಯದು.

ಗುಂಪು ಚಿತ್ರಗಳಿಗೆ ಸಾಲು ಮತ್ತು ಸ್ಥಾನದ ಪ್ರಕಾರ ಬರೆಯಬೇಕು: ಕುಳಿತವರು ಎಡದಿಂದ ಬಲಕ್ಕೆ, ನಿಂತವರು ಎಡದಿಂದ ಬಲಕ್ಕೆ. ಗುರುತು ಸಿಗದವರಿಗೆ ಜಾಗ ಖಾಲಿ ಬಿಡಬೇಕೇ ಹೊರತು ಎಣಿಕೆಯಿಂದ ಬಿಡಬಾರದು. ಹೇಳಿದವರು ಯಾರು, ಯಾವ ದಿನ ಹೇಳಿದರು ಎಂಬುದನ್ನೂ ನಮೂದಿಸಬೇಕು. ಹಿಂಬದಿಯಲ್ಲಿ ಬರೆಯುವುದಾದರೆ ಮೆತ್ತನೆಯ ಪೆನ್ಸಿಲಿನಿಂದ ಅಂಚಿನಲ್ಲಿ ಹಗುರವಾಗಿ ಬರೆಯಬೇಕು. ಬಾಲ್‌ಪೆನ್ನಿನ ಒತ್ತು ಮುಂಭಾಗದಲ್ಲಿ ಗೆರೆಯಾಗಿ ಮೂಡುತ್ತದೆ, ಶಾಯಿ ಇಳಿಯುತ್ತದೆ.

ಹಳೆಯ ಚಿತ್ರಗಳಿಗೆ ಲ್ಯಾಮಿನೇಷನ್ ಮಾಡಿಸಲೇಬಾರದು. ಒಮ್ಮೆ ಮಾಡಿಸಿದರೆ ಹಿಂದಕ್ಕೆ ತೆಗೆಯಲು ಬರುವುದಿಲ್ಲ. ಅಂಟು ಹಾಳೆಯ ಆಲ್ಬಮ್ಮು, ಸೆಲ್ಲೋಟೇಪು ಇವೂ ಹಾನಿಕರ. ಗಾಜಿಗೆ ಅಂಟಿಕೊಂಡ ಚಿತ್ರವನ್ನು ಎಳೆಯದೆ ಗಾಜಿನ ಮೇಲಿಂದಲೇ ಪ್ರತಿ ತೆಗೆಯಬೇಕು. ದೇವರ ಮನೆಯಲ್ಲಿ ಅಥವಾ ದೀಪದ ಬಳಿ ತೂಗುಹಾಕಿದ ಹಿರಿಯರ ಚಿತ್ರಕ್ಕೆ ಕುಂಕುಮ, ಹೂವಿನ ತೇವ, ಹೊಗೆ ತಗಲುವುದರಿಂದ, ಪೂಜೆಗೆ ಪ್ರತಿಯನ್ನಿಟ್ಟು ಮೂಲವನ್ನು ಬೇರೆ ಇಡುವುದು ಉತ್ತಮ. ಅಂಚಿನಲ್ಲಿ ಬೆಳ್ಳಿಯಂತೆ ಹೊಳೆಯುವ ಪೊರೆ ಕಂಡರೆ ಅದು ಕೊಳೆಯಲ್ಲ, ಚಿತ್ರದೊಳಗಿನ ಬೆಳ್ಳಿಯೇ ಮೇಲೆ ಬಂದದ್ದು, ಉಜ್ಜಬಾರದು. ಗಾಜಿನ ನೆಗೆಟಿವ್ ಫಲಕಗಳಿದ್ದಲ್ಲಿ ಒಂದರ ಮೇಲೊಂದು ಪೇರಿಸದೆ, ಒಂದೊಂದಕ್ಕೂ ಕಾಗದ ಸುತ್ತಿ ನಿಲ್ಲಿಸಿ ಇಡಬೇಕು. 1950ರ ಹಿಂದಿನ ಫಿಲ್ಮಿನ ಸುರುಳಿಗಳಲ್ಲಿ ಕೆಲವು ಬೇಗನೆ ಬೆಂಕಿ ಹತ್ತುವ ನೈಟ್ರೇಟ್ ಬಗೆಯವಾಗಿರುವುದರಿಂದ ಅವುಗಳನ್ನು ಅಡುಗೆಮನೆಯ ಅಟ್ಟದಲ್ಲಿಯಾಗಲಿ ಬಿಸಿಲು ಬೀಳುವ ಪೆಟ್ಟಿಗೆಯಲ್ಲಿಯಾಗಲಿ ಇಡತಕ್ಕದ್ದಲ್ಲ.

ಸ್ಕ್ಯಾನ್ ಮಾಡಿಸುವವರು ಕನಿಷ್ಠ 600 ಡಿಪಿಐ ಪ್ರಮಾಣದಲ್ಲಿ, ಮುಂಭಾಗ ಹಿಂಭಾಗ ಎರಡನ್ನೂ, ರಟ್ಟಿನ ಅಂಚು ಸಹಿತ ಮಾಡಿಸಬೇಕು. ಸ್ಕ್ಯಾನರ್ ಇಲ್ಲದಿದ್ದಲ್ಲಿ ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಮೊಬೈಲಿನಿಂದ ತೆಗೆದರೂ ಸಾಕಷ್ಟು ಸ್ಪಷ್ಟವಾಗಿ ಬರುತ್ತದೆ. ವಾಟ್ಸಾಪಿನಲ್ಲಿ ಸಾಮಾನ್ಯ ರೀತಿಯಲ್ಲಿ ಕಳುಹಿಸಿದ ಚಿತ್ರ ಕುಗ್ಗುವುದರಿಂದ ಮೂಲ ಕಡತವನ್ನು ಎರಡು ಬೇರೆ ಬೇರೆ ಕಡೆ ಉಳಿಸಿಕೊಳ್ಳಬೇಕು. ಕಡತದ ಹೆಸರಿನಲ್ಲಿಯೇ ಊರು, ವರ್ಷದ ಅಂದಾಜು ಮತ್ತು ಮುಖ್ಯ ವ್ಯಕ್ತಿಯ ಹೆಸರನ್ನು ಸೇರಿಸಿದರೆ ಮುಂದೆ ಹುಡುಕಲು ಸುಲಭ.

ಚೌಕಟ್ಟು ಬದಲಿಸಲು ಕೊಡುವವರು ರಟ್ಟನ್ನು ಕತ್ತರಿಸಬಾರದೆಂದು ಅಂಗಡಿಯವರಿಗೆ ಮುಂಚಿತವಾಗಿ ತಿಳಿಸತಕ್ಕದ್ದು. ಚೌಕಟ್ಟಿನ ಅಳತೆಯನ್ನು ಚಿತ್ರಕ್ಕೆ ಹೊಂದಿಸಿ ಮಾಡಿಸಬಹುದಾಗಿದ್ದು, ಅದಕ್ಕೆ ತಗಲುವ ಹೆಚ್ಚಿನ ವೆಚ್ಚ ಅಲ್ಪವೇ ಆಗಿರುತ್ತದೆ.